ನಿಷ್ಠೆ ಒಬ್ಬರ ಪಾಲಿಗಷ್ಟೇ?

ಅಮೆರಿಕದ ಮರೀನ್ ಪಡೆಯ ಘೋಷವಾಕ್ಯದ ಅರ್ಥ ‘ಸದಾ ನಿಷ್ಠ’. ‘ಸೆಂಪರ್ ಫೈ: ಆಲ್ವೇಸ್ ಫೇಯ್ತ್‌ಫುಲ್’ (2011) ಸಾಕ್ಷ್ಯಚಿತ್ರ ಅದನ್ನೇ ಪ್ರಶ್ನೆಯಾಗಿಸುತ್ತದೆ. ಉತ್ತರ ಕೆರೊಲಿನಾದ ಕ್ಯಾಂಪ್ ಲೆಜೂನ್ ಸೇನಾನೆಲೆಯ ಕುಡಿಯುವ ನೀರಿನಲ್ಲಿ 1953ರಿಂದ 1987ರವರೆಗೆ ಟ್ರೈಕ್ಲೋರೋಎಥಿಲೀನ್, ಬೆಂಝೀನ್‌ನಂಥ ವಿಷಗಳಿದ್ದವು. 1982ರ ಪರೀಕ್ಷೆಗಳಲ್ಲೇ ಮಾಲಿನ್ಯ ಪತ್ತೆಯಾಗಿತ್ತು. ಅಲ್ಲಿದ್ದ ಮರೀನ್ ಜೆರ್ರಿ ಎನ್ಸ್‌ಮಿಂಗರ್ ಅವರ ಒಂಬತ್ತು ವರ್ಷದ ಮಗಳು ಜೇನಿ 1985ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ನೀರಿನ ಸಂಗತಿ ತಂದೆಗೆ ತಿಳಿದದ್ದು 1997ರಲ್ಲಿ, ಟಿ.ವಿ. ಸುದ್ದಿಯಿಂದ!

ವಿಷಕ್ಕಿಂತ ಈ ಮೌನವೇ ಚಿತ್ರದ ನಿಜವಾದ ವಸ್ತು. ಅದು ಸೇನೆಯನ್ನು ಹೀಗಳೆಯುವುದಿಲ್ಲ. ಸೇನೆ ಕಲಿಸಿದ ಪಾಠವನ್ನೇ ಸೇನೆಯ ಮುಂದಿಡುತ್ತದೆ. ಅದರ ಬಲ ಇರುವುದೇ ಇಲ್ಲಿ. ಚಿತ್ರ ಬಂದ ಮೇಲೆ, 2012ರಲ್ಲಿ ಜೇನಿಯ ಹೆಸರಿನ ಕಾನೂನು ಚಿಕಿತ್ಸೆಯ ನೆರವು ಕೊಟ್ಟಿತು. 2022ರ ಕಾನೂನು ಪರಿಹಾರಕ್ಕಾಗಿ ನ್ಯಾಯಾಲಯದ ಬಾಗಿಲು ತೆರೆಯಿತು. ಆದರೆ ಹೇಳಬೇಕಾದಾಗ ಹೇಳದೆ ಉಳಿದ ವರ್ಷಗಳಿಗೆ ಯಾರು ಬೆಲೆ ಕಟ್ಟಬೇಕು?