ಫುಟ್ಸಿ: ತಟ್ಟೆಯ ಹಿಂಬದಿಯಿಂದ ಜನಪ್ರಿಯತೆಗೆ

ಅಮೆರಿಕದ ಕಪ್ಪು ಜನರ ಚರ್ಚುಗಳ ಹಾಡುಗಾರಿಕೆಯೂ ರಿದಮ್ ಅಂಡ್ ಬ್ಲೂಸ್ ಸಂಗೀತವೂ ಬೆರೆತು ಹುಟ್ಟಿದ ಸೋಲ್ ಪ್ರಕಾರದಲ್ಲಿ, ಮಾರಾಟವಾಗದೆ ಮೂಲೆ ಸೇರಿದ್ದ 1960ರ ದಶಕದ ಧ್ವನಿಮುದ್ರಿಕೆಗಳನ್ನು ಹುಡುಕಿ ತಂದು ರಾತ್ರಿಯಿಡೀ ಕುಣಿಯುತ್ತಿದ್ದ ಉತ್ತರ ಇಂಗ್ಲೆಂಡಿನ ಕಾರ್ಮಿಕ ವರ್ಗದ ತರುಣರ ಸಂಸ್ಕೃತಿಗೆ ‘ನಾರ್ದರ್ನ್ ಸೋಲ್’ ಎಂಬ ಹೆಸರನ್ನು ಕೊಟ್ಟವರು ಪತ್ರಕರ್ತ ಡೇವ್ ಗಾಡಿನ್. 1973ರಿಂದ 1981ರವರೆಗೆ ಅದರ ಮುಖ್ಯ ನೆಲೆಯಾಗಿದ್ದುದು ವಿಗನ್ ಪಟ್ಟಣದ ‘ವಿಗನ್ ಕ್ಯಾಸಿನೊ’ ಎಂಬ ನೃತ್ಯಗೃಹ. ಹೆಸರು ಏನನ್ನೇ ಸೂಚಿಸಲಿ, ಅಲ್ಲಿನ ಇರುಳು ಕೂಟಗಳಲ್ಲಿ ಜೂಜೂ ಇರಲಿಲ್ಲ, ಮದ್ಯವೂ ಇರಲಿಲ್ಲ.

ಈ ಕ್ಯಾಸಿನೊ ಬೆಳಕಿಗೆ ತಂದ ‘ಫುಟ್ಸಿ’ ಎಂಬ ವಾದ್ಯಕೃತಿಯು 1968ರಲ್ಲಿ ರೂಲೆಟ್ ಕಂಪನಿಯು ಹೊರತಂದ, ಕೆನಡಾದ ‘ದಿ ಚೋಸನ್ ಫ್ಯೂ’ ತಂಡದ ಧ್ವನಿಮುದ್ರಿಕೆಯ ತಟ್ಟೆಯೊಂದರ ಹಿಂಬದಿಯಲ್ಲಿತ್ತು. ಒಂದು ಕಾಲಿಗೆ ಬಳೆಯಂತೆ ತೊಡಿಸಿದ ಉಂಗುರವನ್ನು ತಿರುಗಿಸುತ್ತ, ಅದಕ್ಕೆ ಹಗ್ಗದಿಂದ ಕಟ್ಟಿದ ಚೆಂಡನ್ನು ಇನ್ನೊಂದು ಕಾಲಿನಿಂದ ಹಾರಿ ದಾಟುವ ಆಟಿಕೆಯ ಹೆಸರೇ ಇದರ ಹೆಸರು. ಕಟ್ಟುನಿಟ್ಟಾಗಿ ನೋಡಿದರೆ ಇದು ಸೋಲ್‌ಗಿಂತ ಪಾಪ್‌ಗೇ ಹತ್ತಿರ. ಆದರೆ ಕುಣಿಯುವವರು ಪ್ರಕಾರದ ಶುದ್ಧಿಯನ್ನಲ್ಲ, ತಾಳದ ಬಿಗಿಯನ್ನು ನೋಡುತ್ತಿದ್ದರು. ಗಾಯಕನಿಲ್ಲದ ಕೃತಿಯಲ್ಲಿ ಕಿವಿಯನ್ನು ಬೇರೆಡೆಗೆ ಸೆಳೆಯುವ ಸಾಹಿತ್ಯವಿಲ್ಲದ್ದರಿಂದ ಲಯವೇ ಅರ್ಥದ ಭಾರವನ್ನೂ ಹೊರಬೇಕಾಗುತ್ತದೆ. ಆ ಭಾರವನ್ನು ‘ಫುಟ್ಸಿ’ ಹೊರಬಲ್ಲದೆಂದು ಮೊದಲು ಗುರುತಿಸಿದ್ದು ನೃತ್ಯಗೃಹವೇ ಹೊರತು ಸಂಗೀತ ವಿಮರ್ಶೆಯಲ್ಲ.

ಪೈ ಸಂಸ್ಥೆಯ ‘ಡಿಸ್ಕೊ ಡಿಮಾಂಡ್’ ಮಾಲಿಕೆಯು 1975ರಲ್ಲಿ ತಂಡಕ್ಕೆ ‘ವಿಗನ್ಸ್ ಚೋಸನ್ ಫ್ಯೂ’ ಎಂಬ ಹೊಸ ಹೆಸರು ಕೊಟ್ಟು ಇದನ್ನು ಮರುಪ್ರಕಟಿಸುವಾಗ ಎರಡು ಬದಲಾವಣೆಗಳನ್ನು ಮಾಡಿತು. ವೇಗವನ್ನು ಹೆಚ್ಚಿಸಿದ್ದು ಮೊದಲನೆಯದು; ಹೀಗೆ ಮಾಡಿದಾಗ ಗತಿಯೊಂದಿಗೆ ಶ್ರುತಿಯೂ ಏರುವುದರಿಂದ ವಾದ್ಯಗಳ ನಾದ ತೆಳುವಾಗುತ್ತದೆ, ಆದರೂ ವೇಗವನ್ನೇ ಬಯಸುತ್ತಿದ್ದ ಕುಣಿತದ ನೆಲದಲ್ಲಿ ಇದು ಸಮರ್ಥನೀಯ. 1966ರ ಎಫ್‌ಎ ಕಪ್ ಫುಟ್‌ಬಾಲ್ ಅಂತಿಮ ಪಂದ್ಯದ ಪ್ರೇಕ್ಷಕರ ಕೂಗನ್ನು ಅದರ ಮೇಲೆ ಹೊದಿಸಿದ ಎರಡನೆಯ ಬದಲಾವಣೆಗೆ ಅಂಥ ಸಮರ್ಥನೆ ಸಿಗುವುದಿಲ್ಲ, ಏಕೆಂದರೆ ಕುಣಿಯುವವನ ಮೈ ತಾನಾಗಿ ಕೊಡಬೇಕಾದ ಪ್ರತಿಕ್ರಿಯೆಯನ್ನು ಅದು ಎರವಲು ತಂದ ಗದ್ದಲದಿಂದ ಮುಂಚಿತವಾಗಿಯೇ ಘೋಷಿಸಿಬಿಡುತ್ತದೆ. ಧ್ವನಿಮುದ್ರಿಕೆಗಳ ಬ್ರಿಟಿಷ್ ಜನಪ್ರಿಯತಾ ಪಟ್ಟಿಯಲ್ಲಿ ಈ ಆವೃತ್ತಿ 9ನೇ ಸ್ಥಾನಕ್ಕೇರಿತು, ‘ಟಾಪ್ ಆಫ್ ದಿ ಪಾಪ್ಸ್’ ಟಿವಿ ಕಾರ್ಯಕ್ರಮದಲ್ಲಿ ವಿಗನ್‌ನ ನರ್ತಕರು ಅದಕ್ಕೆ ಕುಣಿದರು. ಸೋಲ್‌ನ ಹಳೆಯ ನಿಷ್ಠಾವಂತರು ಮುಖ ತಿರುಗಿಸಿದರು.

ಹಳೆಯ ಕೃತಿಯನ್ನು ಮರುಬಳಸಲು ಬೇರೆ ದಾರಿಯೂ ಇದೆ. ಜಸ್ಟ್ ಬ್ರದರ್ಸ್ ತಂಡದ ‘ಸ್ಲೈಸ್ಡ್ ಟೊಮ್ಯಾಟೋಸ್’ ಕೂಡ ನಾರ್ದರ್ನ್ ಸೋಲ್ ಮೆಚ್ಚಿದ ವಾದ್ಯಕೃತಿಯೇ. ಅದರ ಗಿಟಾರ್ ತುಣುಕನ್ನು ಎತ್ತಿಕೊಂಡು ಬ್ರಿಟಿಷ್ ಸಂಗೀತಗಾರ ಫ್ಯಾಟ್‌ಬಾಯ್ ಸ್ಲಿಮ್ 1998ರಲ್ಲಿ ಕಟ್ಟಿದ್ದು ಬೇರೆ ಹೆಸರಿನ ಬೇರೆಯೇ ಕೃತಿ. ಮೂಲವನ್ನು ಅದರ ಪಾಡಿಗೆ ಬಿಟ್ಟ ಆ ಬಳಕೆಯ ಮುಂದೆ, ಕೃತಿಯ ಹಳೆಯ ಹೆಸರನ್ನೇ ಉಳಿಸಿಕೊಂಡು ಒಳಗನ್ನು ಬದಲಿಸಿದ 1975ರ ‘ಫುಟ್ಸಿ’ ಕೀಳುಮಟ್ಟದ ಕೆಲಸವೆಂದೇ ಹೇಳಬೇಕು.