ಕಣ್ತಪ್ಪಿಸಿ ಹೋಗುವ ಅವ್ವ

ಸೋಯಾ, ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುವ ಕೆಲಸ ಶುರುವಾಗುವುದೂ, ಮೂರು ತುಂಬಿದ ಕೂಸನ್ನು ಅಂಗನವಾಡಿಗೆ ಹಾಕುವುದೂ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ಆಗ ಬಳಕೆಗೆ ಬರುವ ಒಂದು ರೂಢಿ ನಮ್ಮೆಲ್ಲರಿಗೂ ಗೊತ್ತು. ಕೂಸಿನ ಕೈಗೊಂದು ಆಟಿಕೆ ಕೊಡುತ್ತಾರೆ. ಅದರ ಲಕ್ಷ್ಯ ಅತ್ತ ಹೊರಳಿದ ಕೂಡಲೇ ಅವ್ವ ಸಪ್ಪಳವಿಲ್ಲದೆ ಹೊರಬೀಳುತ್ತಾಳೆ. ಕೂಸು ತಿರುಗಿ ನೋಡಿ ಚೀರಿದರೆ ಅಂಗನವಾಡಿಯ ಅಕ್ಕೋರು “ನಿಮ್ಮವ್ವ ಈಗ ಬರ್ತಾಳ” ಅನ್ನುತ್ತಾರೆ. ಅವಳು ಬರುವುದು ಸಂಜೆ ನಾಲ್ಕಕ್ಕೆ. “ನಾಕ್ ದಿನ ಅಳತೈತಿ, ಆಮ್ಯಾಲ ರೂಢಿ ಆಕ್ಕೈತಿ” ಎಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ.

ಈ ಮಾತು ಪೂರ್ತಿ ಸುಳ್ಳಲ್ಲ. ಬಹಳಷ್ಟು ಮಕ್ಕಳು ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತಾರೆ. ಆ ಅಳು ರೋಗವಲ್ಲ, ಹಟವೂ ಅಲ್ಲ. ಒಬ್ಬರನ್ನು ತನ್ನವರೆಂದು ಗುರುತು ಹಿಡಿದ ಕೂಸಿಗೆ ಎಂಟೊಂಬತ್ತು ತಿಂಗಳಲ್ಲಿ ಶುರುವಾಗುವ ಅಂಜಿಕೆ, ಹೊಸ ಜಾಗ ಹೊಸ ಮುಖ ಕಂಡಾಗ ಮತ್ತೆ ಏಳುತ್ತದೆ. ಆದರೆ ಅಳು ನಿಂತಿತೆಂದರೆ ಕೂಸು ಹೊಂದಿಕೊಂಡಿತು ಎಂಬ ಲೆಕ್ಕವನ್ನು ನಾನು ಒಪ್ಪಲಾರೆ.

ಇಂಗ್ಲೆಂಡಿನಲ್ಲಿ ಮಕ್ಕಳ ಮನಸ್ಸನ್ನು ಅಧ್ಯಯನ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಚಲನಚಿತ್ರ ತೋರಿಸಿದರು. ಎಂಟು ದಿನ ಆಸ್ಪತ್ರೆಯಲ್ಲಿ ಅವ್ವ ಜೊತೆಗಿರದೆ ಕಳೆದ, ಎರಡೂವರೆ ವರ್ಷವೂ ತುಂಬದ ಹುಡುಗಿಯ ಚಿತ್ರ ಅದು. ಹುಡುಗಿ ಹೆಚ್ಚು ಅಳಲಿಲ್ಲ. ಆದರೆ ಆ ಮೌನದೊಳಗೆ ಎಷ್ಟು ಸಂಕಟವಿತ್ತು ಎಂಬುದು ಕ್ಯಾಮೆರಾಕ್ಕೆ ಸಿಕ್ಕಿತು. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ದೂರ ಸರಿಯುವುದು ಎಂದು ರಾಬರ್ಟ್‌ಸನ್ ಮತ್ತು ಮನೋವೈದ್ಯ ಜಾನ್ ಬೌಲ್ಬಿ ಹೀಗೆ ಅಗಲಿದ ಮಕ್ಕಳ ಪಾಡನ್ನು ವಿವರಿಸಿದರು. ಜಡ್ಡು ಬಿದ್ದು ಆಸ್ಪತ್ರೆ ಸೇರುವುದಕ್ಕೂ ಓರಗೆಯವರೊಡನೆ ಹಗಲು ಕಳೆಯುವುದಕ್ಕೂ ದೊಡ್ಡ ಅಂತರವಿದೆ, ಎರಡನ್ನೂ ಒಂದೇ ತೂಕಕ್ಕೆ ಹಾಕಬಾರದು. ಆದರೂ ಸುಮ್ಮನಾದ ಕೂಸು ಸಮಾಧಾನವಾಗಿಯೇ ಇದೆ ಎಂದು ನಂಬುವ ಹಾಗಿಲ್ಲ. ಬಿದ್ದು ಮೊಣಕಾಲು ಕೆತ್ತಿದಾಗ ಅದು ಅಕ್ಕೋರ ಕಡೆ ಓಡುತ್ತದೆಯೋ ಇಲ್ಲವೋ ನೋಡಬೇಕು. ಅದು ಸರಿಯಾದ ಪರೀಕ್ಷೆ.

ಕಣ್ತಪ್ಪಿಸಿ ಹೋಗುವ ರೂಢಿ ಹಾಳು ಮಾಡುವುದು ಹಾಗೆ ಓಡಿಹೋಗಲು ಬೇಕಾದ ನಂಬಿಕೆಯನ್ನೇ. ಆಟಿಕೆ ಹಿಡಿದಾಗಲೇ ಅವ್ವ ಮಾಯವಾದಳಲ್ಲ, ಮರುದಿನ ಕೂಸು ಆಟಿಕೆ ಮುಟ್ಟದೆ ಸೆರಗನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ಯಾರನ್ನು ನಂಬಿ ದಿನ ಕಳೆಯಬೇಕೋ ಆ ಅಕ್ಕೋರು “ಈಗ ಬರ್ತಾಳ” ಎಂದು ಮೊದಲ ದಿನವೇ ಸುಳ್ಳಾಡಿದಂತಾಯಿತು. ಇನ್ನು “ಅತ್ತರ ಸೂಜಿ ಮಾಡಸ್ತೀನಿ” ಎಂಬ ಬೆದರಿಕೆಯಂತೂ ತೀರಾ ಕೆಟ್ಟದ್ದು. ಚುಚ್ಚುಮದ್ದು ಹಾಕುವುದು ಬಹಳ ಕಡೆ ಅದೇ ಅಂಗನವಾಡಿಯಲ್ಲಿ. ಕೂಸಿಗೆ ಅದು ಬರೀ ಮಾತಲ್ಲ.

ಜರ್ಮನಿಯ ಶಿಶುಪಾಲನಾ ಕೇಂದ್ರಗಳಲ್ಲಿ ‘ಬರ್ಲಿನ್ ಮಾದರಿ’ ಎಂಬುದೊಂದಿದೆ. ಮೊದಲ ಮೂರು ದಿನ ತಾಯಿಯೋ ತಂದೆಯೋ ಜೊತೆಗೇ ಇರುತ್ತಾರೆ. ನಾಲ್ಕನೆಯ ದಿನ, ಹೇಳಿ, ಹೆಚ್ಚೆಂದರೆ ಅರ್ಧ ಗಂಟೆ ಹೊರಗೆ ಹೋಗುತ್ತಾರೆ. ನೋಡಿಕೊಳ್ಳುವವರ ಸಂತೈಕೆಗೆ ಕೂಸು ಒಗ್ಗಿದರೆ ಮಾತ್ರ ಹೊತ್ತು ಹೆಚ್ಚಿಸುತ್ತಾರೆ. ಚಲೋ ಪದ್ಧತಿ, ಆದರೆ ಕಳೆಗೆ ಹೋಗುವ ಹೆಣ್ಣುಮಗಳಿಗೆ ಮೂರು ದಿನ ಅಂದರೆ ಮೂರು ದಿನದ ಕೂಲಿ. ಅವಳನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ನಮ್ಮ ಮನೆಗಳಲ್ಲಿ ಆಯಿ, ಅಂದರೆ ಅಜ್ಜಿ, ಇದ್ದಾಳಲ್ಲ! ಕೂಸು ಅತ್ತ ಕೂಡಲೇ ಎತ್ತಿಕೊಂಡು ಮನೆಗೆ ಹೊರಡುವ ಬದಲು ಅವಳು ನಾಲ್ಕು ಮುಂಜಾನೆ ಅಲ್ಲೇ ಗೋಡೆಗೊರಗಿ ಕೂತಿರಲಿ, ಆಮೇಲೆ ಹೇಳಿಯೇ ಎದ್ದು ಹೋಗಲಿ.

ತೇಗದ ಕಟ್ಟಿಗೆಗೆ ಅರಗಿನ ಬಣ್ಣ ಏರಿಸಿ, ಪುರಾಣದ ಚಿತ್ರ ಬರೆದ ತೊಟ್ಟಿಲುಗಳಿಗೆ ಹೆಸರಾದ ತಾಲ್ಲೂಕು ಇದು. ಕೂಸನ್ನು ತೊಟ್ಟಿಲಿಗೆ ಹಾಕುವಾಗ ಓಣಿಯ ಹೆಣ್ಣುಮಕ್ಕಳೆಲ್ಲ ನೆರೆಯುತ್ತಾರೆ. ಅದೇ ಕೂಸು ಮೊದಲ ಸಲ ಅವ್ವನನ್ನು ಬಿಟ್ಟು ಹೊಸಿಲು ದಾಟುವ ದಿನಕ್ಕೆ ಅದರ ಅರ್ಧದಷ್ಟೂ ತಯಾರಿ ಇಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಸ್ವಾತಂತ್ರ್ಯದ ಹೊತ್ತಿನಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ ಶಿಕ್ಷಣತಜ್ಞೆಯರಾದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಹಳ್ಳಿಯ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ಕೂಸು ಶಾಲೆಗೆ ಬರುವ ಮುಂಚೆ ಶಾಲೆ ಕೂಸಿನ ಹತ್ತಿರ ಹೋಯಿತು. ಅಂಗನವಾಡಿ ಅಕ್ಕೋರಿಗೆ ಮನೆ ಭೇಟಿ ಈಗಲೂ ಕೆಲಸದ ಭಾಗವೇ. ಮೇ ತಿಂಗಳಲ್ಲೇ ಒಮ್ಮೆ ಹೋಗಿ, ಅವ್ವನ ಎದುರಿಗೆ, ಕೂಸಿನ ಮನೆಯ ಕಟ್ಟೆಯ ಮೇಲೆ ಅದರೊಡನೆ ಆಡಿ ಬಂದರೆ ಜೂನ್‌ನಲ್ಲಿ ಅವರ ಮುಖ ಹೊಸದಾಗಿರುವುದಿಲ್ಲ. 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದ ಮಟ್ಟಿಗೆ ಟಿ. ನರಸೀಪುರದಲ್ಲಿ, ಆರಂಭವಾದ ಯೋಜನೆ ಈ ಅಂಗನವಾಡಿಯದು. ಐವತ್ತು ವರ್ಷಗಳಲ್ಲಿ ಊಟ, ಮೊಟ್ಟೆ, ತೂಕ, ಎತ್ತರದ ಲೆಕ್ಕ ಪೋಷಣ್ ಟ್ರ್ಯಾಕರ್ ಆ್ಯಪ್‌ವರೆಗೆ ಬಂದಿದೆ. ಆ ಲೆಕ್ಕ ಬೇಕೇ ಬೇಕು. ಆದರೆ ಅದನ್ನು ಫೋನಿನಲ್ಲಿ ತುಂಬುವ ಕೈಯೇ ಅಳುವ ಕೂಸನ್ನೂ ಎತ್ತಿಕೊಳ್ಳಬೇಕಾದಾಗ ಅಕ್ಕೋರು ಸೋಲುವುದು ಸಹಜ. ಅದಕ್ಕೇ ಇಲಾಖೆ ಜೂನ್‌ನ ಮೊದಲ ಎರಡು ವಾರ ಅವರನ್ನು ಬೇರೆ ಸಮೀಕ್ಷೆಗಳಿಂದ ಬಿಡಿಸಿ, ಹೊಸ ಕೂಸುಗಳನ್ನು ಒಮ್ಮೆಗೇ ತುಂಬಿಸದೆ ಇಬ್ಬಿಬ್ಬರಂತೆ ಸೇರಿಸಿಕೊಳ್ಳಲು ಬಿಡಬೇಕು. ಅವ್ವ ಬಾಗಿಲಲ್ಲಿ ನಿಂತು “ನೀ ಉಂಡು, ಮಲಗಿ ಎದ್ದ ಮ್ಯಾಲ ಬರ್ತೀನಿ” ಎಂದು ಹೇಳಿ ಹೋಗಲಿ. ಹೊಲದಿಂದ ಬರುವುದು ತಡವಾಗುವಂತಿದ್ದರೆ, ಕರೆಯಲು ಬರುವವರು ಆಯಿಯೋ ಅಕ್ಕನೋ ಎಂಬುದನ್ನೂ ಆಗಲೇ ಹೇಳಲಿ.