ಗ್ರಂಥಸಂಪಾದನೆಯ ಪ್ರಸ್ತಾವನೆಗಳೂ ಸಂಶೋಧಕರ ನಿತ್ಯದ ದುಡಿಮೆಯೂ

ಹಸ್ತಪ್ರತಿಗಳನ್ನಾಧರಿಸಿ ಪ್ರಕಟವಾಗುವ ಗ್ರಂಥಗಳ ಪ್ರಸ್ತಾವನೆಗಳಲ್ಲಿ ಓಲೆಗರಿಗಳ ಉದ್ದಗಲ, ಸಾಲುಗಳ ಸಂಖ್ಯೆ, ಲಿಪಿಯ ಸ್ವರೂಪ, ಗ್ರಂಥಕರ್ತೃವಿನ ಕಾಲ ಇವೆಲ್ಲವೂ ವಿವರವಾಗಿ ದೊರೆಯುತ್ತವೆ. ಆದರೆ ಆ ಗರಿಗಳನ್ನು ಓದಿದವರಾರು, ಪ್ರತಿಮಾಡಿದವರಾರು, ಮಾಡಿದ ಪ್ರತಿಯನ್ನು ಮೂಲದೊಡನೆ ಮರಳಿ ಹೋಲಿಸಿದವರಾರು ಎಂಬುದು ತಿಳಿಯುವುದು ವಿರಳ. ನೆರವಾದ ವಿದ್ಯಾರ್ಥಿಗಳಿಗೆ ಸಲ್ಲುವ ಒಂದು ಸಾಲಿನ ವಂದನೆಯಲ್ಲಿ ಆ ವಿಷಯ ಮುಗಿದುಹೋಗುತ್ತದೆ. ಹಿಂದಿನ ಲಿಪಿಕಾರರಲ್ಲಿ ಅನೇಕರು ಪ್ರತಿಯ ಅಂತ್ಯದಲ್ಲಿ ಸಂವತ್ಸರ, ತಿಥಿ, ತಮ್ಮ ಹೆಸರು, ಬರೆಯಿಸಿದವರ ಹೆಸರುಗಳನ್ನು ನಮೂದಿಸಿದ್ದಾರೆ. ಅವುಗಳ ಬಲದಿಂದಲೇ ನಾವು ಇಂದು ಕಾಲನಿರ್ಣಯ ಮಾಡುತ್ತೇವೆ. ನಮ್ಮ ಪ್ರಸ್ತಾವನೆಗಳ ಮೌನವು ಸಂಪಾದನಕ್ರಮದಲ್ಲಿಯೇ ಇರುವ ಒಂದು ದೋಷವೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಒಂದು ಉದಾಹರಣೆಯನ್ನು ಗಮನಿಸಬಹುದು. ಕನ್ನಡ ಲಿಪಿಯಲ್ಲಿರುವ ಪ್ರಾಕೃತ ಪ್ರತಿಗಳಲ್ಲಿ ಸೊನ್ನೆಯು ಕೆಲವೆಡೆ ಅನುಸ್ವಾರವನ್ನೂ ಕೆಲವೆಡೆ ಮುಂದಿನ ವ್ಯಂಜನದ ದ್ವಿತ್ವವನ್ನೂ ಸೂಚಿಸುತ್ತದೆ. ‘ಧಮ್ಮ’ದಂಥ ಪರಿಚಿತ ಶಬ್ದದಲ್ಲಿ ತೊಡಕಿಲ್ಲ. ಅಪರಿಚಿತ ಶಬ್ದ ಬಂದಾಗ ಓದುವವನೇ ನಿರ್ಣಯಿಸಬೇಕು. ಸಂಶೋಧನ ವಿದ್ಯಾರ್ಥಿಯೊಬ್ಬನ ದಿನವೆಲ್ಲ ಇಂಥ ನಿರ್ಣಯಗಳಲ್ಲಿಯೇ ಕಳೆಯುತ್ತದೆ. ಸವೆದ ಅಕ್ಷರ, ಹುಳು ತಿಂದ ಅಂಚು, ಸ್ಥಳ ತಪ್ಪಿದ ಗರಿ ಇವು ಬೇರೆ. ಅವನು ಗುರುತುಹಾಕಿಕೊಂಡ ಸಂದೇಹವು ಶುದ್ಧಪ್ರತಿಗೆ ಬರುವಷ್ಟರಲ್ಲಿ ಅಳಿದುಹೋದರೆ, ಮುದ್ರಿತ ಪಾಠವು ತನಗಿಲ್ಲದ ನಿಶ್ಚಯವನ್ನು ಪಡೆದುಕೊಳ್ಳುತ್ತದೆ.

ಇದರ ಪರಿಣಾಮವನ್ನು ಬಲ್ಲವರಿಗೆ ಷಟ್ಖಂಡಾಗಮದ ಧವಲಾ ಟೀಕೆಯ ಪ್ರಕಟನೆಯ ಇತಿಹಾಸವು ನೆನಪಾಗದಿರದು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಪ್ರಥಮ ಸಂಪುಟವು 1939ರಲ್ಲಿ ಹೊರಬಂದಾಗ, ಆಧಾರವಾಗಿದ್ದವು ಮೂಡುಬಿದಿರೆಯ ಓಲೆಗರಿಗಳಿಂದ ಪರಂಪರೆಯಾಗಿ ಇಳಿದುಬಂದ ಕಾಗದದ ಪ್ರತಿಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ಅವುಗಳಲ್ಲಿ ‘ಸಂಜದ’ ಪದವಿರಲಿಲ್ಲ. ಆ ಪದವಿರಬೇಕೆಂದು ತೋರುವುದಾಗಿ ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ಮೂಡುಬಿದಿರೆಯ ಮೂಲದಲ್ಲಿ ಆ ಪದವು ಕಂಡುಬಂದಿತು. ಇದರಿಂದ ಉಂಟಾದ ಸೈದ್ಧಾಂತಿಕ ಚರ್ಚೆಯು ವಿದ್ವಾಂಸರಿಗೆ ವಿದಿತವೇ ಆಗಿದ್ದು, ಅದನ್ನು ಇಲ್ಲಿ ಎತ್ತಿಕೊಂಡಿಲ್ಲ. ಗ್ರಹಿಸಬೇಕಾದ ಅಂಶವಿಷ್ಟೆ: ಸಂಪಾದಕರು ತಮ್ಮ ಊಹೆಯನ್ನು ಪಾಠದಿಂದ ಬೇರೆಯಾಗಿರಿಸಿದ್ದರಿಂದಲೇ ಅದರ ಪರೀಕ್ಷೆ ಸಾಧ್ಯವಾಯಿತು. ಪ್ರತಿಮಾಡುವ ಕೈಯಲ್ಲಿ ಬಿಟ್ಟುಹೋಗುವ ಒಂದೇ ಪದವು ಎಷ್ಟು ದೂರ ಎಳೆದೊಯ್ಯಬಲ್ಲದೆಂಬುದಕ್ಕೂ ಇದು ನಿದರ್ಶನ.

ಇಂದಿನ ವಿದ್ಯಾರ್ಥಿಯ ಸ್ಥಿತಿಯನ್ನೂ ವಿಚಾರಿಸಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಗಳಂತೆ ಪಿಎಚ್.ಡಿ. ಪದವಿಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಪೂರ್ವಭಾವಿ ಪಠ್ಯಕ್ರಮ, ಲಿಪಿಯ ಅಭ್ಯಾಸ, ಪ್ರಾಕೃತ ವ್ಯಾಕರಣ, ಭಂಡಾರಗಳ ಅನುಮತಿ ಇವೆಲ್ಲ ಅದರೊಳಗೇ ಆಗಬೇಕು. ಛಾಯಾಪ್ರತಿಗಳು ಪ್ರಯಾಣದ ಶ್ರಮವನ್ನು ಕಡಿಮೆಮಾಡಿವೆಯೇ ಹೊರತು ಓದುವ ಶ್ರಮವನ್ನಲ್ಲ. ಪಾಠಾಂತರಗಳನ್ನು ಕಲೆಹಾಕಿದ ದುಡಿಮೆಯು ಅವನ ಹೆಸರಿನಲ್ಲಿ ಗಣನೆಗೆ ಬಾರದಿದ್ದರೆ, ಅವನು ಮುದ್ರಿತ ಗ್ರಂಥವೊಂದನ್ನು ಆರಿಸಿಕೊಂಡು ‘ಒಂದು ಅಧ್ಯಯನ’ವನ್ನು ಬರೆದು ಮುಗಿಸುವುದರಲ್ಲಿ ಆಶ್ಚರ್ಯವೇನು? ಅಪ್ರಕಟಿತ ಕಟ್ಟುಗಳು ಬಿಚ್ಚದೆಯೇ ಉಳಿಯುತ್ತವೆ. ಲಿಪಿಯನ್ನು ಬಲ್ಲವರ ಸಂಖ್ಯೆ ಕುಗ್ಗುತ್ತದೆ.

ಪೂರ್ವದ ಪಂಡಿತರು ಹೆಸರನ್ನು ಬಯಸದೆ ದುಡಿದರಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಅವರ ನಿಃಸ್ಪೃಹತೆ ವಂದನೀಯವೇ. ಆದರೆ ದುಡಿದವನು ಹೆಸರನ್ನು ಬಯಸದಿರುವುದು ಅವನ ಗುಣ. ಅದನ್ನು ನಾವು ದಾಖಲಿಸದಿರುವುದು ನಮ್ಮ ಲೋಪ. ಅದಲ್ಲದೆ ಇಲ್ಲಿ ಹೆಸರು ಹೊಣೆಯ ಗುರುತು. ಓದಿದವನ ಪ್ರಾವೀಣ್ಯದಂತೆ ಅವನ ತಪ್ಪೂ ಅದರಿಂದ ಗೊತ್ತಾಗುತ್ತದೆ.

ಆದುದರಿಂದ ಪ್ರತಿಯೊಂದು ಪ್ರಸ್ತಾವನೆಯಲ್ಲಿಯೂ ಮೂರು ವಿಷಯಗಳು ಇರುವುದು ಯುಕ್ತ. ಯಾವ ಗರಿಯಿಂದ ಯಾವ ಗರಿಯವರೆಗೆ ಯಾರು ಓದಿದರು. ಓದಿದ್ದು ಮೂಲವನ್ನೋ, ಛಾಯಾಪ್ರತಿಯನ್ನೋ, ಬೇರೊಬ್ಬರು ಮಾಡಿದ ಪ್ರತಿಯನ್ನೋ. ಸಂದಿಗ್ಧ ಸ್ಥಳಗಳಲ್ಲಿ ನಿರ್ಣಯ ಯಾರದು. ಇದಕ್ಕೆ ಒಂದು ಪುಟ ಸಾಕು. ಮುಂದೆ ಅದೇ ಗ್ರಂಥವನ್ನು ಶೋಧಿಸುವವರಿಗೆ ಆ ಒಂದು ಪುಟವು ಕವಿಚರಿತೆಯ ಹತ್ತು ಪುಟಗಳಿಗಿಂತ ಹೆಚ್ಚು ಉಪಕಾರಿಯಾದೀತು. ಸಂಪಾದಕ ಮಹಾಶಯರು ಈ ಸೂಚನೆಯನ್ನು ಪರಿಶೀಲಿಸುವರೆಂದು ನಂಬಲಾಗಿದೆ.